ಬಿತ್ತನೆ ಗಾಡಿ ಮಾಡಿದ ಹುಡುಗನಿಗೆ ಟಿವಿಯವರು ಬಿಳಿ ಕೋಟು ಹಾಕಿಸಿದರು

ಕಪ್ಪುಹಲಗೆ (ಭಾನುವಾರ, ರಾತ್ರಿ 9:12)

ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹದಿನೈದು ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೇನೆ.

ನಮ್ಮ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಬಿತ್ತನೆ ಗಾಡಿ ಮಾಡಿದ. ಹಳೇ ಸೈಕಲ್ಲಿನ ಚಕ್ರ, ಚಕ್ರದ ಜೊತೆಗೇ ತಿರುಗುವ ಹಾಗೆ ಕೂಡಿಸಿದ ಪ್ಲೈವುಡ್ ತಟ್ಟೆ, ತಟ್ಟೆಯ ಅಂಚಿಗೆ ಏಳು ಗುಳಿ. ಮೇಲೆ ತಲೆಕೆಳಗಾದ ನೀರಿನ ಬಾಟಲಿ, ಅದರಲ್ಲಿ ಬೀಜ. ಕೆಳಗೆ ಪಿವಿಸಿ ಪೈಪು. ಚಕ್ರ ಒಂದು ಸುತ್ತು ಬಂದರೆ 207 ಸೆಂಟಿಮೀಟರ್ ನೆಲ ಸಾಗುತ್ತದೆ. ಏಳು ಗುಳಿಗೆ ಏಳು ಬೀಜ. ಅಂದರೆ ಮೆಕ್ಕೆಜೋಳ ಹತ್ತಿರ ಹತ್ತಿರ 30 ಸೆಂಟಿಮೀಟರಿಗೆ ಒಂದು. ಈ ಏಳು ಅನ್ನೋ ಲೆಕ್ಕ ಅವನದೇ. ಮೊದಲು ಒಂಬತ್ತು ಗುಳಿ ಕೊರೆದಿದ್ದ. ಬೆಳೆ ಒತ್ತಾಗುತ್ತದೆ ಅಂತ ಅವರಪ್ಪ ಬೈದರು.

ಆಮೇಲೆ ಮನೆ ಹಿಂದಿನ ಹೊಲದಲ್ಲಿ ಓಡಿಸಿ ಎಣಿಸಿದ. ನೂರು ಜಾಗ ನೋಡಿದ. 71 ಕಡೆ ಒಂದೊಂದೇ ಬೀಜ ಬಿದ್ದಿತ್ತು. 18 ಕಡೆ ಏನೂ ಇಲ್ಲ. 11 ಕಡೆ ಎರಡೆರಡು. ಇದನ್ನೆಲ್ಲ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೀಟು ಹಾಕಿ ಬರೆದಿದ್ದ. ನನಗೆ ಗಾಡಿಗಿಂತ ಆ ಪುಟ ಹೆಚ್ಚು ಖುಷಿ ಕೊಟ್ಟಿತು.

ವಿಷಯ ಹೇಗೋ ಹೊರಗೆ ಹೋಗಿ ಒಂದು ಚಾನೆಲ್‌ನವರು ಬಂದರು. ಹುಡುಗ ಗಾಡಿಯನ್ನು ಹೊಲಕ್ಕೆ ತಳ್ಳಿಕೊಂಡು ಹೊರಟಿದ್ದ. ‘ಮೊದಲು ಲ್ಯಾಬ್’ ಅಂದರು. ಪಕ್ಕದ ಪಿಯು ಕಾಲೇಜಿನಿಂದ ಬಿಳಿ ಕೋಟು ತರಿಸಿದರು. ತೋಳು ಬೆರಳು ದಾಟಿ ಇಳಿಯುತ್ತಿತ್ತು, ನಾನೇ ಎರಡು ಸಲ ಮಡಚಿದೆ. ಮೈಲುತುತ್ತದ ನೀಲಿ ನೀರನ್ನು ಒಂದು ಬೀಕರಿನಿಂದ ಇನ್ನೊಂದಕ್ಕೆ ಸುರಿಯಪ್ಪ ಅಂದರು. ಬಿತ್ತನೆಗೂ ಮೈಲುತುತ್ತಕ್ಕೂ ಏನು ಸಂಬಂಧ ಅಂತ ಹುಡುಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಸುರಿದ. ಅದು ನನ್ನ ತಪ್ಪು.

ಆಮೇಲೆ ಮೈಕು. ಅವನು ಶುರು ಮಾಡಿದ್ದು ಹೀಗೆ: ‘ಹಸಿ ಎರೆ ಮಣ್ಣಲ್ಲಿ ಪೈಪಿನ ಬಾಯಿ ಕಟ್ಕೊಳ್ಳುತ್ತೆ ಸಾರ್, ಅದನ್ನ ಇನ್ನೂ ಸರಿ ಮಾಡ್ಬೇಕು.’ ‘ಅದೆಲ್ಲ ಬೇಡಪ್ಪ, ರೈತರಿಗೆ ಏನು ಅನುಕೂಲ ಅದನ್ನ ಹೇಳು’ ಅಂದರು. ಎರಡನೇ ಸಲ 71, 18, 11 ಹೇಳಿದ. ‘ನಂಬರ್ ಬೇಡ, ಜನಕ್ಕೆ ತಲೆಗೆ ಹೋಗಲ್ಲ.’ ಮೂರನೇ ಸಲ ‘ನನ್ನ ಯಂತ್ರದಿಂದ ರೈತರ ಕಷ್ಟ ದೂರ ಆಗುತ್ತೆ’ ಅಂದ. ‘ಸೂಪರ್’ ಅಂದರು.

ರಾತ್ರಿ ಬಂತು, ಒಂದೂವರೆ ನಿಮಿಷ. ‘ಹಳ್ಳಿ ಹೈದನ ಆವಿಷ್ಕಾರಕ್ಕೆ ಕೃಷಿ ವಿಜ್ಞಾನಿಗಳೇ ಶಾಕ್!’ ಹೊಲದಲ್ಲಿ ಗಾಡಿ ಓಡಿದ್ದು ನಾಲ್ಕೈದು ಸೆಕೆಂಡ್ ಇರಬಹುದು. ನೀಲಿ ನೀರು ಮೂರು ಸಲ ಬಂತು.

ಮೂರನೇ ದಿನ ಹಾವೇರಿ ಕಡೆಯಿಂದ ಒಬ್ಬ ಯಜಮಾನರು ಬಸ್ ಹತ್ತಿ ಶಾಲೆಗೇ ಬಂದರು. ಎರಡು ಸಾವಿರ ರೂಪಾಯಿ ಕೈಯಲ್ಲಿ ಮಡಚಿ ಹಿಡಿದಿದ್ದರು. ‘ಆ ಮಷೀನು ಒಂದು ಕೊಡಿ ಸಾರ್, ಮುಂಗಾರು ಬಂದೈತಿ.’ ಹುಡುಗ ಸೈಕಲ್ ಸ್ಟ್ಯಾಂಡಿನ ಹಿಂದೆ ಹೋಗಿ ಕೂತಿದ್ದ. ಅವರಿಗೆ ಚಹಾ ಕೊಟ್ಟು, ಬಸ್ ಚಾರ್ಜಿಗೆ ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ‘ಟಿವಿಯಾಗ ಹೇಳಿದ್ರಲ್ಲ’ ಅಂತ ಒಂದೇ ಮಾತು.

ನಾನು ಕೇಳಬೇಕಿರೋದು ಇಷ್ಟೇ. ಇಂಥದಕ್ಕೆ ಟಿವಿಯವರನ್ನು ಕರೆಯಲೇಬಾರದಾ? ಅಥವಾ ಕರೆದು ಹೇಗೆ ನಡೆಸಿಕೊಳ್ಳಬೇಕು? ಅನುಭವ ಇದ್ದವರು ಹೇಳಿ.

ಸುಮ್ನೆ_ಓದುಗ (ಭಾನುವಾರ, ರಾತ್ರಿ 9:31)

ಶಾಕ್ ಆದ ಕೃಷಿ ವಿಜ್ಞಾನಿಗಳ ಬೈಟ್ (ಕ್ಯಾಮೆರಾ ಮುಂದಿನ ಮಾತು) ಇತ್ತಾ ಮೇಷ್ಟ್ರೇ?

ಕಪ್ಪುಹಲಗೆ (ಭಾನುವಾರ, ರಾತ್ರಿ 9:34)

ಇಲ್ಲ. ಶಾಕ್ ಆಗಿದ್ದು ನಾನೊಬ್ಬನೇ.

ಹಳೇಡೆಸ್ಕ್ (ಭಾನುವಾರ, ರಾತ್ರಿ 10:20)

ಮೇಷ್ಟ್ರೇ, ಆರು ವರ್ಷ ಒಂದು ಸುದ್ದಿ ವಾಹಿನಿಯ ಡೆಸ್ಕ್‌ನಲ್ಲಿದ್ದೆ. ಈಗ ಬೇರೆ ಕೆಲಸ. ನಿಮ್ಮ ಕತೆ ಓದಿ ನಗುವೂ ಬಂತು, ನಾಚಿಕೆಯೂ ಆಯಿತು. ಆ ಬೀಕರ್ ಶಾಟ್ ನಾನೇ ಎಷ್ಟು ಸಲ ಕೇಳಿದ್ದೇನೋ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ನಿಮ್ಮ ಶಾಲೆಗೆ ಬಂದವರು ಬಹುಶಃ ತಾಲೂಕಿನ ಸ್ಟ್ರಿಂಗರ್. ನಮ್ಮಲ್ಲಿ ಅವರಿಗೆ ಸಂಬಳ ಇರಲಿಲ್ಲ. ಸ್ಟೋರಿಗೆ ಇಷ್ಟು ಅಂತ, ಅದೂ ಏರ್ ಆದರೆ ಮಾತ್ರ. ಬೆಳಗ್ಗೆ ಅಪಘಾತ, ಮಧ್ಯಾಹ್ನ ಪಂಚಾಯಿತಿ ಗಲಾಟೆ, ನಡುವೆ ನಿಮ್ಮ ಹುಡುಗ. ಸ್ಕ್ರಿಪ್ಟ್ ಅಂತ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರುತ್ತಿತ್ತು. ಅದಕ್ಕೆ ಜೀವ ತುಂಬಬೇಕಾದವನು ಬೆಂಗಳೂರಿನಲ್ಲಿ ಕೂತ ನಾನು. ನಾನು ಮೆಕ್ಕೆಜೋಳ ಬಿತ್ತೋದನ್ನು ಕಣ್ಣಲ್ಲಿ ನೋಡಿದವನಲ್ಲ. ಬಿಳಿ ಕೋಟು ಕಂಡರೆ ‘ವಿಜ್ಞಾನಿ’, ಮಣ್ಣಿನ ಮನೆ ಕಂಡರೆ ‘ಬಡತನದಲ್ಲಿ ಅರಳಿದ ಪ್ರತಿಭೆ’. ಎರಡೂ ಇದ್ದರೆ ಹಬ್ಬ.

‘ಶಾಕ್’ ಯಾಕೆ ಅಂತೀರಾ? ಪ್ಲೇಟ್‌ನಲ್ಲಿ, ಅಂದರೆ ಪರದೆ ಮೇಲಿನ ಅಕ್ಷರದ ಪಟ್ಟಿಯಲ್ಲಿ, ಜಾಗ ಕಡಿಮೆ. ಆರೇಳು ಪದದಲ್ಲಿ ನೋಡುವವರನ್ನು ನಿಲ್ಲಿಸಬೇಕು. ‘ಒಂಬತ್ತನೇ ತರಗತಿ ಬಾಲಕನ ಬಿತ್ತನೆ ಯಂತ್ರ: ನೂರರಲ್ಲಿ 71 ಸರಿ’ ಅಂತ ಬರೆದಿದ್ದರೆ ನಮ್ಮ ಬುಲೆಟಿನ್ ಪ್ರೊಡ್ಯೂಸರ್ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಈಗ ಅನ್ನಿಸುತ್ತದೆ, ಅದು ಎಷ್ಟು ಒಳ್ಳೇ ಹೆಡ್‌ಲೈನ್ ಅಲ್ವಾ?

ನನ್ನದೊಂದು ಪಾಪ ಹೇಳಿಬಿಡುತ್ತೇನೆ. ಮಂಗಳಕ್ಕೆ ಹೋಗುವ ಪರ್ಸಿವರೆನ್ಸ್ ರೋವರ್‌ನಲ್ಲಿ ಹೆಸರು ಕಳಿಸಿ ಅಂತ ನಾಸಾದವರು ಸಾರ್ವಜನಿಕರನ್ನೆಲ್ಲ ಕರೆದಿದ್ದರು. ವೆಬ್‌ಸೈಟಿನಲ್ಲಿ ಹೆಸರು ಟೈಪ್ ಮಾಡಿದರೆ ಬೋರ್ಡಿಂಗ್ ಪಾಸ್ ಥರದ ಒಂದು ಚೀಟಿ ಬರುತ್ತಿತ್ತು. ಒಟ್ಟು 1 ಕೋಟಿ 9 ಲಕ್ಷ ಹೆಸರು, ಉಗುರಿನಷ್ಟು ಅಗಲದ ಮೂರು ಚಿಪ್ಪಿನಲ್ಲಿ. ಒಂದು ಊರಿನ ಹುಡುಗ ಆ ಚೀಟಿ ತೋರಿಸಿದ. ನಾನು ಬರೆದ ಸಾಲು: ‘ಮಂಗಳನ ಅಂಗಳಕ್ಕೆ ಕನ್ನಡದ ಪೋರ, ಕೈಬೀಸಿ ಕರೆದ ನಾಸಾ.’ ಪ್ರಾಸ ಚೆನ್ನಾಗಿದೆ ಅಂತ ಶಭಾಷ್ ಸಿಕ್ಕಿತು. ಆಮೇಲೆ ಗೊತ್ತಾಯಿತು, ಅದೇ ಚೀಟಿ ನಮ್ಮ ಆಫೀಸಿನ ಸೆಕ್ಯುರಿಟಿಯವರ ಮೊಬೈಲಿನಲ್ಲೂ ಇತ್ತು.

ತುಂಗೆದಡ (ಭಾನುವಾರ, ರಾತ್ರಿ 11:02)

ಎಲ್ಲರೂ ಟಿವಿಯವರನ್ನು ಬೈಯಲು ಕೂತಿದ್ದೀರಿ, ನಾನು ಸ್ವಲ್ಪ ಆ ಕಡೆ ನಿಲ್ಲುತ್ತೇನೆ ಮಾರಾಯ್ರೆ.

ನಮ್ಮೂರಿನ ಶಾಲೆಯಲ್ಲಿ ಲ್ಯಾಬ್ ಅಂದರೆ ಒಂದು ಬೀರು. ಅದರ ಕೀಲಿ ಹೆಡ್‌ಮೇಷ್ಟ್ರ ಹತ್ತಿರ. ನಮ್ಮ ಹುಡುಗಿಯರು ಅಡಿಕೆ ಸಿಪ್ಪೆಯಿಂದ ಏನೋ ಹಾಳೆ ಮಾಡಿದ್ದಕ್ಕೆ ಟಿವಿಯಲ್ಲಿ ಬಂತು. ಅದರಲ್ಲೂ ಸುಳ್ಳು ಬೇಕಾದಷ್ಟಿತ್ತು. ‘ಪ್ಲಾಸ್ಟಿಕ್‌ಗೆ ಗುಡ್‌ಬೈ’ ಅಂತೆ. ಆದರೆ ಅದು ಬಂದ ಮೇಲೇ ಊರಿನವರು ಸೇರಿ ದುಡ್ಡು ಹಾಕಿದರು. ಈಗ ಎರಡು ಮೈಕ್ರೋಸ್ಕೋಪ್ ಇದೆ. ನಿಜ ಮಾತ್ರ ಹೇಳಿದ್ದರೆ ಅದು ಬರುತ್ತಿತ್ತಾ? ನನಗಂತೂ ಅನುಮಾನ.

ಎಲ್ಲ ಕಡೆ ಕೊಲೆ, ಜಗಳ, ಜ್ಯೋತಿಷ್ಯ. ನಡುವೆ ಒಂದೂವರೆ ನಿಮಿಷ ಒಂದು ಮಗುವಿನ ಮುಖ ಬಂದರೆ ಬರಲಿ ಬಿಡಿ.

ಕಪ್ಪುಹಲಗೆ (ಭಾನುವಾರ, ರಾತ್ರಿ 11:15)

ಮೈಕ್ರೋಸ್ಕೋಪ್ ವಿಷಯ ಒಪ್ಪಿದೆ. ಆದರೆ ಆ ಹಾವೇರಿ ಯಜಮಾನರ ಎದುರು ನೀವು ನಿಂತಿರಲಿಲ್ಲ.

ಮಂಡ್ಯಕಬ್ಬು (ಸೋಮವಾರ, ಬೆಳಗ್ಗೆ 7:48)

ನಮ್ಮ ಜಿಲ್ಲೆ ಹೆಸರು ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಡ್ರೋನ್ ಪ್ರತಾಪ್, ತಾನೇ ಡ್ರೋನ್ ಮಾಡಿದ್ದೇನೆ ಅಂತ ಹೇಳಿಕೊಂಡ ನಮ್ಮ ಕಡೆಯ ಹುಡುಗ.

600 ಡ್ರೋನ್, ಇ-ತ್ಯಾಜ್ಯದಿಂದ ತಯಾರಿ, ಜಪಾನ್ ಜರ್ಮನಿಯಲ್ಲಿ ಚಿನ್ನದ ಪದಕ. ಇದೆಲ್ಲ ತಿಂಗಳುಗಟ್ಟಲೆ ಓಡಿತು. ಬರೀ ಟಿವಿಯಲ್ಲಿ ಅಲ್ಲ, ಪತ್ರಿಕೆ, ಫೇಸ್‌ಬುಕ್, ಕಾಲೇಜು ವೇದಿಕೆ ಎಲ್ಲ ಕಡೆ. 2020ರ ಜುಲೈನಲ್ಲಿ ಫ್ಯಾಕ್ಟ್‌ಚೆಕ್ ಮಾಡುವವರು ಕೂತು ಕೆದಕಿದರು. ಹೇಳಿದ್ದಕ್ಕೆ ಆಧಾರ ಸಿಗಲಿಲ್ಲ. ಆಮೇಲೆ ನೋಡಬೇಕಿತ್ತು. ಹೊಗಳಿದ ಸ್ಟುಡಿಯೋಗಳೇ ಅವನನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಹಿಂಡಿದವು. ಅಲ್ಲಿಗೂ ಮುಗಿಯಲಿಲ್ಲ. ಬಿಗ್ ಬಾಸ್ ಹತ್ತನೇ ಸೀಸನ್‌ನಲ್ಲಿ ರನ್ನರ್ ಅಪ್ ಆದ.

ನಾನು ಅವನ ಪರ ಮಾತಾಡುತ್ತಿಲ್ಲ. ನನ್ನ ಸಿಟ್ಟು ಬೇರೆ. ಅಷ್ಟು ತಿಂಗಳಲ್ಲಿ ಒಬ್ಬ ವರದಿಗಾರ ‘ಬಾ ತಮ್ಮ, ಒಂದು ಡ್ರೋನ್ ಬಿಚ್ಚಿ ಒಳಗೆ ಏನಿದೆ ತೋರಿಸು, ಮೋಟಾರ್ ಎಲ್ಲಿಂದ ತಂದೆ ಹೇಳು’ ಅಂತ ಕೇಳಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಮ್ಮ ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಕೇಳುತ್ತಿದ್ದ ಪ್ರಶ್ನೆ ಅದು. ಅವತ್ತಿನಿಂದ ನಮ್ಮ ಕಡೆ ಮಕ್ಕಳು ಡ್ರೋನ್ ಅಂದರೆ ಸಾಕು, ಜನ ನಗುತ್ತಾರೆ. ನನ್ನ ತಂಗಿ ಮಗ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ. ನಿಜವಾಗಿಯೂ ಒಂದು ಕ್ವಾಡ್‌ಕಾಪ್ಟರ್ (ನಾಲ್ಕು ಫ್ಯಾನಿನ ಡ್ರೋನ್) ಜೋಡಿಸಿದ. ಫ್ಲೈಟ್ ಕಂಟ್ರೋಲರ್ ಕೊಂಡಿದ್ದು, ಫ್ರೇಮ್ ತನ್ನದು. ಊರಿನವರು ಕೇಳಿದ್ದು: ‘ಏನಪ್ಪಾ, ಇದು 601ನೇದಾ?’

ಸುಮ್ನೆ_ಓದುಗ (ಸೋಮವಾರ, ಬೆಳಗ್ಗೆ 8:05)

601ನೇದಾ ಅನ್ನೋದು ನಗು ಬಂತು, ಕ್ಷಮಿಸಿ. ಆದರೆ ಪಾಪ.

ಮೂರನೇ_ಮಹಡಿ (ಸೋಮವಾರ, ಮಧ್ಯಾಹ್ನ 1:26)

ಬೆಂಗಳೂರಿನಿಂದ. ಇಲ್ಲಿ ನಮ್ಮ ಕತೆ ಬೇರೆ ಥರ. ಇಲ್ಲಿ ಬಿಳಿ ಕೋಟಲ್ಲ, ಸರ್ಟಿಫಿಕೇಟು.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಕ್ಷುದ್ರಗ್ರಹ (ಸೂರ್ಯನ ಸುತ್ತ ಸುತ್ತುವ ಬಂಡೆ) ಹುಡುಕುವ ಒಂದು ಅಭಿಯಾನಕ್ಕೆ ಸೇರಿದಳು. ಕೆಲಸ ನಿಜಕ್ಕೂ ಚೆನ್ನಾಗಿದೆ. ಹವಾಯಿ ದ್ವೀಪದಲ್ಲಿರುವ ಪ್ಯಾನ್‌ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳು ಬರುತ್ತವೆ. ಆಕಾಶದ ಒಂದೇ ಜಾಗದ ನಾಲ್ಕು ಚಿತ್ರ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದದ್ದು. ಆಸ್ಟ್ರೊಮೆಟ್ರಿಕಾ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಮಿಟುಕಿಸಿ ನೋಡಬೇಕು. ನಕ್ಷತ್ರ ಅಲ್ಲೇ ಇರುತ್ತದೆ. ಸರಿಯುವ ಚುಕ್ಕಿ ಸಿಕ್ಕರೆ ಅಳತೆ ತೆಗೆದು ವರದಿ ಕಳಿಸಬೇಕು. ಮಗಳು ರಾತ್ರಿ ಲೈಟ್ ಆರಿಸಿಕೊಂಡು ಲ್ಯಾಪ್‌ಟಾಪ್‌ಗೆ ಮೂಗು ತಾಗಿಸಿ ಕೂತಿರುತ್ತಿದ್ದಳು. ಎಷ್ಟೋ ಸಲ ‘ಸಿಕ್ಕಿತು’ ಅಂದಿದ್ದು ಕ್ಯಾಮೆರಾದ ಕೊಳೆ ಪಿಕ್ಸೆಲ್.

ಒಂದು ದಿನ ಅವಳ ತಂಡದ ಒಂದು ಚುಕ್ಕಿ ‘ಪ್ರಾಥಮಿಕ ಪತ್ತೆ’ ಪಟ್ಟಿಗೆ ಸೇರಿತು. ಅದು ಮೊದಲ ಮೆಟ್ಟಿಲು ಅಷ್ಟೇ. ಆಮೇಲೆ ಬೇರೆಯವರು ಮತ್ತೆ ನೋಡಬೇಕು, ಅದು ತಾತ್ಕಾಲಿಕ ಪತ್ತೆ ಆಗಬೇಕು, ಕಕ್ಷೆ ಪಕ್ಕಾ ಆಗಿ ನಂಬರ್ ಸಿಗಲು ವರ್ಷಗಳೇ ಬೇಕು. ನಡುವೆ ಬಿದ್ದುಹೋಗುವ ಚುಕ್ಕಿಗಳೇ ಹೆಚ್ಚು. ಮಗಳಿಗೆ ಇದೆಲ್ಲ ಬಾಯಿಪಾಠ.

ನಮ್ಮನ್ನು ಸೇರಿಸಿದ ಒಂದು ಸಂಸ್ಥೆಯವರು, ನಮ್ಮ ಹತ್ತಿರ ದುಡ್ಡು ಬೇರೆ ತಗೊಂಡಿದ್ದರು, ಪ್ರೆಸ್ ನೋಟ್ ಕಳಿಸಿದರು. ಟಿವಿಯಲ್ಲಿ: ‘ಕ್ಷುದ್ರಗ್ರಹ ಪತ್ತೆ ಹಚ್ಚಿದ ಬೆಂಗಳೂರು ಬಾಲೆ, ನಾಸಾದಿಂದ ಶಹಬ್ಬಾಸ್‌ಗಿರಿ.’ ಅಜ್ಜಿ ಊರಿನಿಂದ ಫೋನ್ ಮಾಡಿ ‘ಪುಟ್ಟಿ, ಆ ಕಲ್ಲು ಭೂಮಿಗೆ ಬೀಳಲ್ಲ ತಾನೇ?’ ಅಂದರು. ಮಗಳು ಅಳುತ್ತಾ ಹೇಳಿದ್ದು, ‘ಅಮ್ಮಾ, ಕ್ಲಾಸಲ್ಲಿ ಏನು ಹೇಳ್ಲಿ? ಅದು ಇನ್ನೂ ಪ್ರಾಥಮಿಕ ಅಂತ ಹೇಳಿದ್ರೆ ನಾನು ಸುಳ್ಳಿ ಅಂತಾರೆ. ಹೇಳದೇ ಇದ್ರೆ ನಾನು ಸುಳ್ಳಿ.’

2020ರ ಜುಲೈನಲ್ಲಿ ಸೂರತ್‌ನ ಇಬ್ಬರು ಹತ್ತನೇ ಕ್ಲಾಸಿನ ಹುಡುಗಿಯರ ವಿಷಯದಲ್ಲೂ ಇದೇ ಆಗಿತ್ತು. ಅವರು ಗುರುತಿಸಿದ್ದೂ ಇಂಥದೇ ಅಭಿಯಾನದಲ್ಲಿ. ಸುದ್ದಿ ಓಡಿದ್ದು ‘ಭೂಮಿಯ ಕಡೆ ಬರುತ್ತಿರುವ ಕ್ಷುದ್ರಗ್ರಹ’ ಅಂತ. ಆಗ ಅದಿದ್ದದ್ದು ಮಂಗಳದ ಕಕ್ಷೆಯ ಹತ್ತಿರ.

ಗ್ರೌಂಡ್‌ಸ್ಟೇಷನ್ (ಸೋಮವಾರ, ರಾತ್ರಿ 8:40)

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. 2017ರಲ್ಲಿ ಬೆಂಗಳೂರಿನ ಒಬ್ಬ ಶಾಲಾ ಹುಡುಗಿಯ ಹೆಸರನ್ನು ‘ಕ್ಷೀರಪಥದ ಒಂದು ಗ್ರಹಕ್ಕೆ’ ಇಡುತ್ತಾರೆ ಅಂತ ದೊಡ್ಡ ಸುದ್ದಿಯಾಯಿತು, ನೆನಪಿದೆಯಾ? ರಾಷ್ಟ್ರೀಯ ಮಾಧ್ಯಮಗಳಲ್ಲೂ ಬಂತು, ಬರೀ ಕನ್ನಡದವರ ಮೇಲೆ ಹಾಕಬೇಡಿ. ಗ್ರಹ ಅಲ್ಲ ಅದು, ಕಿರುಗ್ರಹ, ಅಂದರೆ ಮೇಡಂ ಹೇಳಿದ ಕ್ಷುದ್ರಗ್ರಹದ ಥರದ್ದೇ. ಅಮೆರಿಕದ ಅಂತಾರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಮೇಲಿನ ಬಹುಮಾನ ಪಡೆದವರ ಹೆಸರನ್ನು, ಎಂಐಟಿಯ ಲಿಂಕನ್ ಲ್ಯಾಬೊರೇಟರಿ ತಾನು ಪತ್ತೆ ಹಚ್ಚಿದ ಕಿರುಗ್ರಹಗಳಿಗೆ ಇಡಿಸುತ್ತಿತ್ತು. ಹಾಗೆ ಹೆಸರು ಪಡೆದ ಮಕ್ಕಳು ಪ್ರಪಂಚದಲ್ಲಿ ಬೇಕಾದಷ್ಟಿದ್ದಾರೆ. ಗೌರವವೇ, ಅನುಮಾನ ಇಲ್ಲ.

ಆದರೆ ಆ ಹುಡುಗಿ ಮಾಡಿದ ಕೆಲಸ ಏನು? ವರ್ತೂರು ಕೆರೆ! ನೊರೆ ಉಕ್ಕಿ ರಸ್ತೆಗೆ ಬರುತ್ತಿದ್ದ ಕೆರೆ. ಅಂಥ ಕೆರೆಗಳ ನೀರನ್ನು ಸಾಮಾನ್ಯ ಜನರೇ ಒಂದು ಕಿಟ್ ಮತ್ತು ಮೊಬೈಲ್ ಆ್ಯಪ್ ಇಟ್ಟುಕೊಂಡು ಪರೀಕ್ಷೆ ಮಾಡಿ, ಮಾಹಿತಿ ಒಂದು ಕಡೆ ಸೇರಿಸುವ ಏರ್ಪಾಡು. ನಾನು ನೋಡಿದ ಕ್ಲಿಪ್‌ಗಳಲ್ಲಿ ಗ್ರಾಫಿಕ್ಸ್‌ನಲ್ಲಿ ಶನಿಗ್ರಹದ ಬಳೆ ತಿರುಗುತ್ತಿತ್ತು. ಕೆರೆ ಒಂದು ಸಾಲು. ನೀರಿನಲ್ಲಿ ಏನು ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡಬೇಕಾದವರು ಇಲ್ಲೇ ಬೆಂಗಳೂರಿನ ಕಚೇರಿಗಳಲ್ಲಿ ಕೂತಿದ್ದರು.

ಇನ್ನು ಉಪಗ್ರಹ. ಕಾಲೇಜಿನಲ್ಲಿ ಒಂದು ವಿದ್ಯಾರ್ಥಿ ಉಪಗ್ರಹದ ತಂಡದಲ್ಲಿ ನಾನು ಎರಡು ವರ್ಷ ಇದ್ದೆ. ಬೆಂಗಳೂರು, ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಟುಡ್‌ಸ್ಯಾಟ್ 2010ರ ಜುಲೈ 12ಕ್ಕೆ ಹೋಯಿತು, ಒಂದು ಕೆಜಿಗಿಂತ ಕಡಿಮೆ ತೂಕ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದವರ ಪಿಸ್ಯಾಟ್ 2016ರ ಸೆಪ್ಟೆಂಬರ್ 26ಕ್ಕೆ, 5.25 ಕೆಜಿ. ಇವನ್ನು ನೋಡಿಯೇ ನಾವು ಇಳಿದಿದ್ದು. ಉಡಾವಣೆ ದಿನ ಕ್ಯಾಮೆರಾ ಇರುತ್ತದೆ, ಸಿಹಿ ಹಂಚುತ್ತಾರೆ. ಆದರೆ ನಮಗೆ ಎದೆ ಹೊಡೆದುಕೊಳ್ಳುವುದು ಆಮೇಲೆ. ಉಪಗ್ರಹ ನಮ್ಮ ತಲೆ ಮೇಲೆ ಹಾದುಹೋಗುವುದು ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಟೆರೇಸಿನ ಮೇಲೆ ಆಂಟೆನಾ ತಿರುಗಿಸುತ್ತಾ, ಹೆಡ್‌ಫೋನಿನ ಗೊರಗೊರದೊಳಗೆ ಬೀಕನ್ನಿನ, ಅಂದರೆ ಉಪಗ್ರಹ ತಾನಾಗಿ ಕಳಿಸುವ ಸಂಕೇತದ, ಕೀಕೀ ಸದ್ದು ಬರುತ್ತದಾ ಅಂತ ಕಾಯೋದು. ಅದು ಬಂತಾ ಬಾರದಾ ಅಂತ ಕೇಳಲು ಯಾವ ವರದಿಗಾರನೂ ಟೆರೇಸಿಗೆ ಬರಲ್ಲ.

ಆಜಾದಿಸ್ಯಾಟ್ ನೆನಪು ಮಾಡಿಕೊಳ್ಳಿ. ದೇಶದ 75 ಶಾಲೆಗಳ 750 ಹೆಣ್ಣುಮಕ್ಕಳು ಸೇರಿ ಮಾಡಿದ ಪುಟ್ಟ ಉಪಗ್ರಹ. 2022ರ ಆಗಸ್ಟ್ 7ಕ್ಕೆ ಇಸ್ರೋದ ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಹೋಯಿತು. 356 ಕಿಲೋಮೀಟರಿನ ದುಂಡು ಕಕ್ಷೆ ಸೇರಬೇಕಿತ್ತು. ರಾಕೆಟ್ಟಿನ ಸೆನ್ಸರ್ ವಿಷಯದಲ್ಲಿ ಎಡವಟ್ಟಾಗಿ ಒಂದು ತುದಿ 356, ಇನ್ನೊಂದು ತುದಿ ಬರೀ 76 ಕಿಲೋಮೀಟರ್ ಎತ್ತರದ ಕಕ್ಷೆಗೆ ಬಿತ್ತು. 76 ಅಂದರೆ ಗಾಳಿಯೇ ಎಳೆದು ಸುಡುತ್ತದೆ. ಬೆಳಗ್ಗೆಯೆಲ್ಲ ‘ನಾರಿಶಕ್ತಿ’, ಮಧ್ಯಾಹ್ನದ ಮೇಲೆ ಆ ಮಕ್ಕಳೇ ಇಲ್ಲ. ಆರು ತಿಂಗಳಾದ ಮೇಲೆ, 2023ರ ಫೆಬ್ರವರಿ 10ಕ್ಕೆ, ಆಜಾದಿಸ್ಯಾಟ್-2 ಸರಿಯಾಗಿ ಕಕ್ಷೆ ಸೇರಿತು. ಸೋತು, ಕಾರಣ ಹುಡುಕಿ, ಮತ್ತೆ ಹತ್ತಿದ್ದು. ಇದಕ್ಕಿಂತ ದೊಡ್ಡ ವಿಜ್ಞಾನದ ಕತೆ ಬೇಕಾ? ನಮ್ಮ ಮನೆಯಲ್ಲಿ ಅಮ್ಮನಿಗೆ ಮೊದಲನೇದು ಗೊತ್ತು, ಎರಡನೇದು ಗೊತ್ತಿಲ್ಲ. ಅಮ್ಮ ದಿನಾ ಟಿವಿ ನೋಡುತ್ತಾರೆ.

ತುಂಗೆದಡ (ಸೋಮವಾರ, ರಾತ್ರಿ 9:18)

64 ಗ್ರಾಮಿನ ಕಲಾಂಸ್ಯಾಟ್ ಬಗ್ಗೆಯೂ ಹೇಳಿ. ಅದು ಜಗತ್ತಿನ ಅತಿ ಚಿಕ್ಕ ಉಪಗ್ರಹ ತಾನೇ? ಅದೂ ಸುಳ್ಳಾ?

ಗ್ರೌಂಡ್‌ಸ್ಟೇಷನ್ (ಸೋಮವಾರ, ರಾತ್ರಿ 9:37)

ಸುಳ್ಳಲ್ಲ ಅಣ್ಣ, ಅರ್ಧ. ತಮಿಳುನಾಡಿನ ಹುಡುಗರು ಮಾಡಿದ್ದು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿ. 2017ರ ಜೂನ್ 22ಕ್ಕೆ ನಾಸಾದ ವಾಲಪ್ಸ್ ಕೇಂದ್ರದಿಂದ ಹೋಯಿತು. ಆದರೆ ಹೋಗಿದ್ದು ಸೌಂಡಿಂಗ್ ರಾಕೆಟ್‌ನಲ್ಲಿ. ಕಲ್ಲು ಮೇಲೆ ಎಸೆದ ಹಾಗೆ, ಮೇಲೆ ಹೋಗಿ ಕೆಳಗೆ ಬರುತ್ತದೆ. ಕಕ್ಷೆ ಸೇರಲಿಲ್ಲ, ಸೇರಬೇಕು ಅಂತಲೂ ಇರಲಿಲ್ಲ. 3ಡಿ ಪ್ರಿಂಟ್ ಮಾಡಿದ ಕಾರ್ಬನ್ ಫೈಬರ್ ಡಬ್ಬಿ ಆ ಕೆಲವೇ ನಿಮಿಷ ಹೇಗೆ ತಾಳುತ್ತದೆ ಅಂತ ನೋಡುವುದೇ ಪ್ರಯೋಗ. ಟಿವಿಯಲ್ಲಿ ‘ನಾಸಾದಿಂದ ಉಪಗ್ರಹ ಉಡಾವಣೆ’ ಅಂದಾಗ ನಾವು ಭೂಮಿ ಸುತ್ತುತ್ತಿದೆ ಅಂದುಕೊಂಡೆವು. ಮುಂದಿನ ಕಲಾಂಸ್ಯಾಟ್ ಇಸ್ರೋದ ಪಿಎಸ್‌ಎಲ್‌ವಿಯಲ್ಲಿ 2019ರ ಜನವರಿಯಲ್ಲಿ ಹೋಯಿತು, ಅದು ನಿಜವಾಗಿ ಕಕ್ಷೆಗೆ.

ಲೆಕ್ಕದಮೇಷ್ಟ್ರು (ಮಂಗಳವಾರ, ಬೆಳಗ್ಗೆ 6:30)

ನಿಮ್ಮದೆಲ್ಲ ಪರವಾಗಿಲ್ಲ. ಯಂತ್ರ ಇದೆ, ರಾಕೆಟ್ ಇದೆ, ಹೊಗೆ ಇದೆ. ನಮ್ಮ ಲೆಕ್ಕದವರ ಗತಿ ನೋಡಿ. 2024ರ ಜುಲೈನಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್. ಭಾರತಕ್ಕೆ ನಾಲ್ಕು ಚಿನ್ನ, ಒಂದು ಬೆಳ್ಳಿ, ಒಟ್ಟಾರೆ ನಾಲ್ಕನೇ ಸ್ಥಾನ. ಅಲ್ಲಿಯವರೆಗೆ ಅಂಥ ಸ್ಥಾನ ಬಂದೇ ಇರಲಿಲ್ಲ. ಆ ವಾರ ನಮ್ಮ ಮನೆ ಟಿವಿಯಲ್ಲಿ ಒಬ್ಬ ನಟರು ಜೈಲಿನಲ್ಲಿ ಏನು ತಿಂದರು, ಮನೆ ಊಟ ಸಿಗುತ್ತದಾ ಇಲ್ಲವಾ. ನಾನು ರಿಮೋಟ್ ಹಿಡಿದು ಕಾದೆ. ಕೊನೆಗೆ ಗೊತ್ತಾಗಿದ್ದು ಮಾರನೇ ದಿನದ ಪೇಪರಿನಲ್ಲಿ.

ನಾಲ್ಕೂವರೆ ಗಂಟೆಯಲ್ಲಿ ಮೂರೇ ಲೆಕ್ಕ. ಅಂಥ ಎರಡು ದಿನ. ತೋರಿಸಲು ಏನೂ ಇಲ್ಲ, ಒಪ್ಪುತ್ತೇನೆ. ಪೆನ್ನು ಕಚ್ಚಿಕೊಂಡು ಕೂತ ಮಕ್ಕಳು, ಅಷ್ಟೇ.

ಹಳೇಡೆಸ್ಕ್ (ಮಂಗಳವಾರ, ಬೆಳಗ್ಗೆ 9:10)

ಸರ್, ಆ ಸುದ್ದಿ ಮಾಡಿದ್ದರೆ ನಾವು ಅವರ ಕೈಗೂ ಬೀಕರ್ ಕೊಡುತ್ತಿದ್ದೆವು.

ರೈನ್‌ನದಿ (ಮಂಗಳವಾರ, ಮಧ್ಯಾಹ್ನ 2:55)

ಜರ್ಮನಿಯಿಂದ. ಮೂಲ ಊರು ಧಾರವಾಡ. ಇಲ್ಲಿ ‘ಯುಗೆಂಡ್ ಫೋರ್ಷ್ಟ್’ ಅಂತ ಮಕ್ಕಳ ವಿಜ್ಞಾನ ಸ್ಪರ್ಧೆ ಇದೆ. ಮಜಾ ಏನು ಅಂದರೆ ಅದನ್ನು ಶುರು ಮಾಡಿದವರು ಪತ್ರಿಕೆಯವರೇ. 1965ರಲ್ಲಿ ಷ್ಟೆರ್ನ್ ವಾರಪತ್ರಿಕೆಯ ಸಂಪಾದಕ ಹೆನ್ರಿ ನಾನೆನ್. ಈಗ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಸೇರುತ್ತಾರೆ. ಅಂದರೆ ಸುದ್ದಿ ಮಾಡುವವರಿಗೇ ಮೊದಲು ಅನ್ನಿಸಿತ್ತು, ಬರೀ ಹೊಗಳಿದರೆ ಸಾಲದು, ಮಕ್ಕಳು ಕೆಲಸ ತಂದು ತೋರಿಸಲು ಒಂದು ಜಾಗ ಬೇಕು ಅಂತ.

ಇಲ್ಲೂ ಎಲ್ಲ ಬಂಗಾರ ಅಂದುಕೊಳ್ಳಬೇಡಿ. ನನ್ನ ಮಗ ಪ್ರಾದೇಶಿಕ ಸುತ್ತಿನಲ್ಲಿದ್ದಾಗ ಬಂದ ಲೋಕಲ್ ಚಾನೆಲ್ ‘ಪುಟ್ಟ ಐನ್‌ಸ್ಟೈನ್‌ಗಳು’ ಅಂತಲೇ ಶುರು ಮಾಡಿತು. ಆದರೆ ತೀರ್ಪುಗಾರರು ಸ್ಟಾಲ್ ಮುಂದೆ ನಿಂತು ಕೇಳಿದ ಪ್ರಶ್ನೆ ಮಾತ್ರ ನನಗೆ ಮರೆತಿಲ್ಲ. ‘ಇದು ಕೆಲಸ ಮಾಡುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?’ ಮಗ ತಡವರಿಸಿದ. ಅವರು ಕಾದರು.

ಮೇಷ್ಟ್ರೇ, ನಿಮ್ಮ ಹುಡುಗನ ಹತ್ತಿರ ಆ ಪ್ರಶ್ನೆಗೆ ಉತ್ತರ ರೆಡಿ ಇತ್ತು. 71, 18, 11. ಕೇಳುವವರು ಇರಲಿಲ್ಲ.

ಕಪ್ಪುಹಲಗೆ (ಮಂಗಳವಾರ, ರಾತ್ರಿ 8:14)

ಇದನ್ನು ನಾಲ್ಕು ಸಲ ಓದಿದೆ.

ನಮ್ಮಲ್ಲೂ ಆ ಥರದ ಜಾಗ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ ಇದೆ, ಐಡಿಯಾ ಆಯ್ಕೆಯಾದರೆ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ, ನಾನೇ ಎರಡು ತಂಡ ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಮಕ್ಕಳು ತಮ್ಮೂರಿನ ಬೋರ್‌ವೆಲ್ ಎಣಿಸಿಕೊಂಡು, ಮನೆಮನೆ ಕೇಳಿಕೊಂಡು ಬಂದು ಚಾರ್ಟ್ ಹಿಡಿದು ಮಾತಾಡುತ್ತಾರೆ. ತೀರ್ಪುಗಾರರು ಬೆವರಿಳಿಸುತ್ತಾರೆ. ನಾನು ಹೋದ ಎರಡು ಸಲವೂ ಕ್ಯಾಮೆರಾ ಬಂದಿದ್ದು ಉದ್ಘಾಟನೆಗೆ. ದೀಪ ಹಚ್ಚಿದ ಮೇಲೆ ಹೋದರು.

ಹಳೇಡೆಸ್ಕ್ ಸರ್, ನೇರವಾಗಿ ಕೇಳುತ್ತೇನೆ. ಇನ್ನೊಂದು ಸಲ ಬಂದರೆ ನಾನು ಏನು ಮಾಡಲಿ?

ಹಳೇಡೆಸ್ಕ್ (ಮಂಗಳವಾರ, ರಾತ್ರಿ 9:50)

ಅವರನ್ನು ಬೈಯಬೇಡಿ, ಅವರ ಕೆಲಸ ಸುಲಭ ಮಾಡಿ. ಸ್ಟ್ರಿಂಗರ್‌ಗೆ ಹೊತ್ತಿಲ್ಲ. ನೀವೇ ಒಂದು ಹಾಳೆಯಲ್ಲಿ ಐದು ಸಾಲು ಕನ್ನಡದಲ್ಲಿ ಬರೆದು ಕೈಗೆ ಕೊಡಿ. ಏನು ಮಾಡಿದ, ಎಷ್ಟು ಸಲ ನೋಡಿದ, ಎಲ್ಲಿ ಕೈಕೊಡುತ್ತದೆ. ನೂರಕ್ಕೆ ತೊಂಬತ್ತು ಪಾಲು ಆ ಹಾಳೆಯ ಫೋಟೋ ತೆಗೆದು ಡೆಸ್ಕ್‌ಗೆ ಕಳಿಸುತ್ತಾರೆ. ನಾವು ಅದನ್ನೇ ಓದುತ್ತೇವೆ. ಕೊನೇ ಸಾಲು ದೊಡ್ಡದಾಗಿ ಬರೆಯಿರಿ: ‘ಮಾರಾಟಕ್ಕಿಲ್ಲ.’

ಎರಡನೇದು, ಕೂತು ಮಾತಾಡಿಸಲು ಬಿಡಬೇಡಿ. ಗಾಡಿ ಓಡುತ್ತಿರುವಾಗಲೇ ಹುಡುಗ ಮಾತಾಡಲಿ. ಬೀಜ ಬೀಳುತ್ತಿರುವ ಶಾಟ್ ಇದ್ದರೆ ಎಡಿಟರ್‌ಗೆ ಬೀಕರ್ ಬೇಕಾಗಲ್ಲ. ಬೀಕರ್ ಬರುವುದು ತೋರಿಸಲು ಬೇರೆ ಏನೂ ಇಲ್ಲದಾಗ. ಎಣಿಸೋದನ್ನೂ ತೋರಿಸಿ. ಮಗು ಮಣ್ಣು ಕೆದಕಿ ಬೀಜ ಹುಡುಕೋದು ಒಳ್ಳೇ ವಿಶುವಲ್.

ಹೆಡ್‌ಲೈನ್ ಮಾತ್ರ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಮೂರನೇ_ಮಹಡಿ (ಬುಧವಾರ, ಬೆಳಗ್ಗೆ 10:02)

ಇದಕ್ಕೆ ನನ್ನದೊಂದು ಸೇರಿಸಿ. ಮಗುವನ್ನು ಮೊದಲೇ ಕೇಳಿ, ಟಿವಿಗೆ ಬರೋಕೆ ಇಷ್ಟ ಇದೆಯಾ ಅಂತ. ನಾವು ಕೇಳಿರಲೇ ಇಲ್ಲ. ಮಗಳ ಚುಕ್ಕಿ ಆಮೇಲೆ ಪಟ್ಟಿಯಲ್ಲಿ ಮುಂದೆ ಹೋಗಲಿಲ್ಲ. ಅವಳಿಗೆ ಅದರ ಬೇಸರ ಇಲ್ಲ. ಅದು ಮಾಮೂಲಿ ಅಂತಾಳೆ. ಫ್ರಿಜ್ ಮೇಲೆ ಅಂಟಿಸಿದ್ದ ಟಿವಿ ಸ್ಕ್ರೀನ್‌ಶಾಟ್ ಮಾತ್ರ ಕಿತ್ತು ಹಾಕಿದಳು.

ತುಂಗೆದಡ (ಬುಧವಾರ, ಮಧ್ಯಾಹ್ನ 12:40)

ಸರಿ, ನಾನು ಅರ್ಧ ಸೋತೆ. ನಮ್ಮ ಅಡಿಕೆ ಹಾಳೆ ಹುಡುಗಿಯರನ್ನು ನಿನ್ನೆ ಸಂಜೆ ಕೇಳಿದೆ. ಆ ಹಾಳೆ ನೀರಲ್ಲಿ ನೆನೆದರೆ ಎಷ್ಟು ಹೊತ್ತು ತಾಳುತ್ತದೆ ಅಂತ. ‘ಯಾರೂ ಕೇಳಿರ್ಲಿಲ್ಲ ಅಣ್ಣ, ನಾವೂ ನೋಡ್ಲಿಲ್ಲ’ ಅಂದರು. ಮೈಕ್ರೋಸ್ಕೋಪ್ ಮಾತ್ರ ವಾಪಸ್ ಕೊಡಲ್ಲ.

ಕಪ್ಪುಹಲಗೆ (ಮುಂದಿನ ಸೋಮವಾರ, ರಾತ್ರಿ 9:05)

ಎಲ್ಲರಿಗೂ ಒಂದು ಅಪ್‌ಡೇಟ್.

ಗುರುವಾರ ಚೆನ್ನಾಗಿ ಮಳೆ ಬಂತು. ಶನಿವಾರ ಮಧ್ಯಾಹ್ನ ಹುಡುಗನ ಹೊಲಕ್ಕೆ ಹೋದೆ. ಮಣ್ಣು ಅಂಟು ಅಂಟು. ಹಳೇ ಪೈಪು ಹಾಕಿ ಓಡಿಸಿದ, ಹತ್ತು ಹೆಜ್ಜೆಗೇ ಬಾಯಿ ಕಟ್ಟಿತು. ಅವರಜ್ಜ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಅಟ್ಟದಿಂದ ಹಳೇ ಕೂರಿಗೆ ಇಳಿಸಿ ತರಲು ಹೇಳಿದರು. ಅದರ ತಾಳು ತಿರುಗಿಸಿ ತೋರಿಸಿ, ‘ಬೀಜ ಬೀಳೋ ಬಾಯಿ ಹಿಂದಕ್ಕೈತಿ ನೋಡು. ನಿಂದು ಮುಂದಕ್ಕೈತಿ. ಮಣ್ಣು ಒಳಗ ಹೋಗದೆ ಇನ್ನೇನ್ ಆಗ್ತತಿ’ ಅಂದರು.

ಹುಡುಗ ಅಲ್ಲೇ ಗರಗಸ ತಂದು ಪೈಪನ್ನು ಓರೆ ಕೊಯ್ದ, ಬಾಯಿ ಹಿಂದಕ್ಕೆ ಬರುವ ಹಾಗೆ. ಮುಂದೆ ಒಂದು ಕಬ್ಬಿಣದ ಪಟ್ಟಿ ಕಟ್ಟಿದ. ಮತ್ತೆ ನೂರು ಜಾಗ. ಅಜ್ಜ ಕುಕ್ಕರುಗಾಲಿನಲ್ಲಿ ಮಣ್ಣು ಕೆದಕಿ ಕೂಗುತ್ತಾ ಹೋದರು, ‘ಒಂದು... ಇಲ್ಲ... ಎರಡು... ಒಂದು...’ ಹುಡುಗ ಬರೆದುಕೊಂಡ. ಹಸಿ ಮಣ್ಣಲ್ಲಿ 64 ಸರಿ, 27 ಖಾಲಿ, 9 ಎರಡೆರಡು.

ಆ ಸ್ಟ್ರಿಂಗರ್‌ಗೆ ನಾನೇ ಫೋನ್ ಮಾಡಿದೆ. ಕೋಟು ಇಲ್ಲ, ಹೊಲದಲ್ಲೇ, ಎಣಿಸೋದನ್ನು ತೋರಿಸಬೇಕು ಅಂದೆ. ‘64 ಅಂದ್ರೆ ಮೊದಲಿಗಿಂತ ಕಮ್ಮಿ ಆಯ್ತಲ್ಲ ಸರ್, ಡೆಸ್ಕ್‌ಗೆ ಏನು ಹೇಳ್ಲಿ?’ ಅಂದರು. ಹಸಿ ಮಣ್ಣಿನ ವಿಷಯ ಬಿಡಿಸಿ ಹೇಳಿದೆ. ‘ನೋಡ್ತೀನಿ ಸರ್’ ಅಂದಿದ್ದಾರೆ.

27 ಖಾಲಿ ಯಾಕೆ ಅಂತ ಹುಡುಗ ಇವತ್ತು ಬೆಳಗ್ಗೆ ಪ್ರೇಯರ್‌ಗೆ ಮುಂಚೆಯೇ ಬಂದು ನಿಂತಿದ್ದ. ಬಾಟಲಿಯೊಳಗೆ ಬೀಜ ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ ಅಂತ ಅವನ ಗುಮಾನಿ. ಪಾರದರ್ಶಕ ಬಾಟಲಿ ಹಾಕಿ ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಯಬೇಕಂತೆ. ನನ್ನ ಮೊಬೈಲ್ ಕೇಳಿದ್ದಾನೆ.